ಮಿಲ್ಲರ್ ಸಾಹೇಬರ ವರದಿ

ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾದ ಜಾತಿ-ಆದಾಯ ಪ್ರಮಾಣಪತ್ರಕ್ಕಾಗಿ ಅಬ್ಬು ಜೊತೆ ಯಲಹಂಕದ ನಾಡಕಚೇರಿಗೆ ಹೋಗಿದ್ದೆ. ಕೈಗೆ ಬಂದ ಕಾಗದದಲ್ಲಿ ‘2ಬಿ’ ಎಂದಿತ್ತು. "ಇದನ್ನೆಲ್ಲ ಮೊದಲು ಯಾರು ಮಾಡಿದ್ದು?" ಎಂದು ಅಬ್ಬು ಕೇಳಿದರು. ನನಗೆ ಗೊತ್ತಿರಲಿಲ್ಲ. ಆಮೇಲೆ ಲೈಬ್ರರಿಯಲ್ಲಿ ಹುಡುಕಿದಾಗ, ನಮ್ಮಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬ ಬ್ರಿಟಿಷ್ ನ್ಯಾಯಾಧೀಶರೂ ಇದ್ದರೆಂದು ತಿಳಿಯಿತು.

ಅವರ ಹೆಸರು ಸರ್ ಲೆಸ್ಲಿ ಮಿಲ್ಲರ್. ಮದ್ರಾಸ್ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು, ಆಮೇಲೆ ಮೈಸೂರು ಸಂಸ್ಥಾನದ ಚೀಫ್ ಕೋರ್ಟಿಗೆ ಮುಖ್ಯ ನ್ಯಾಯಾಧೀಶರಾಗಿ ಬಂದರು. ಆ ಕೋರ್ಟೇ 1930ರಲ್ಲಿ ಹೈಕೋರ್ಟ್ ಆಯಿತು. ಈಗಿನ ಹೈಕೋರ್ಟ್ ಕಟ್ಟಡವನ್ನು ‘ಅಠಾರಾ ಕಚೇರಿ’ ಅನ್ನುತ್ತಾರಲ್ಲ, ನಮ್ಮ ಮನೆಮಾತಿನಲ್ಲಿ ಅಠಾರಾ ಅಂದರೆ ಹದಿನೆಂಟು. ಹದಿನೆಂಟು ಇಲಾಖೆಗಳು ಅಲ್ಲಿದ್ದವಂತೆ.

ಆಗ ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಹೆಚ್ಚಿನವು ಬ್ರಾಹ್ಮಣರ ಕೈಯಲ್ಲಿದ್ದವು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಸೇರಿದಂತೆ ಉಳಿದವರು ತಮಗೂ ಪಾಲು ಬೇಕೆಂದು ಮಹಾರಾಜರನ್ನು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಗುಲಾಂ ಅಹ್ಮದ್ ಕಲಾಮಿ ಕೂಡ ಅದರ ಸದಸ್ಯರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಬಿಟ್ಟರೆ ಆಡಳಿತ ಕೆಡುತ್ತದೆಂಬುದು ಅವರ ಆತಂಕ. ಕೊನೆಗೆ ಹುದ್ದೆಯನ್ನೇ ಬಿಟ್ಟರು.

1919ರ ವರದಿ ಹೇಳಿದ್ದು ಇಷ್ಟು: ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು. ಓದಲು ವಿದ್ಯಾರ್ಥಿವೇತನವೂ ಬೇಕು. 1921ರಲ್ಲಿ ಸರ್ಕಾರದ ಆದೇಶ ಬಂತು.

ನನಗೆ ಹಿಡಿಸಿದ್ದು ಅರ್ಹತೆಯ ಬಗ್ಗೆ ವರದಿ ಕೊಟ್ಟ ಉತ್ತರ. ಪರೀಕ್ಷೆಯ ಓದೊಂದರಿಂದಲೇ ಒಳ್ಳೆಯ ಅಧಿಕಾರಿ ಆಗುವುದಿಲ್ಲ, ಜನರ ಬಗ್ಗೆ ಕನಿಕರ, ಪ್ರಾಮಾಣಿಕತೆ, ಸಾಮಾನ್ಯ ಜ್ಞಾನಕ್ಕೂ ಅಷ್ಟೇ ಬೆಲೆಯಿದೆ ಎಂದಿತ್ತು. ನಮ್ಮ ಕ್ಲಾಸಿನಲ್ಲಿ ಈಗಲೂ ಇದೇ ಜಗಳ. "ಮಾರ್ಕ್ಸ್ ಇದ್ದವರಿಗೆ ಸೀಟು, ಅಷ್ಟೇ" ಎನ್ನುವ ಗೆಳೆಯನಿಗೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಅವನ ಮಾತಿನಲ್ಲಿ ಏನೂ ಇಲ್ಲ ಅನ್ನಲಾರೆ. ಆದರೆ ವಿಶ್ವೇಶ್ವರಯ್ಯನವರ ಹೆಸರಿನಷ್ಟೇ ಮಿಲ್ಲರ್ ಹೆಸರೂ ನಮ್ಮ ಪಾಠದಲ್ಲಿ ಬರಬೇಕಿತ್ತು.

ರಾತ್ರಿ ಅಬ್ಬುಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಏಳು ವರ್ಷದಲ್ಲಿ ಆಯಿತಾ?" ಎಂದರು.