ಸಂಸಾರದ ಶಿಲ್ಕು

ತಿಂಗಳಿನ ಮೊದಲ ದಿನ ಪಗಾರವು ಕೈಸೇರಿದಾಗ ಗೃಹಸ್ಥನ ಮುಖದ ಮೇಲೆ ಕಾಣುವ ಕಳೆಯು ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಎಲ್ಲಿ ಅಡಗಿ ಹೋಗುವದೋ ಯಾರೂ ಅರಿಯರು. "ಬಂದದ್ದೆಲ್ಲ ಎತ್ತ ಹೋಯಿತು?" ಎಂಬ ಪ್ರಶ್ನೆಯನ್ನು ಆತನು ತನ್ನನ್ನೇ ಕೇಳಿಕೊಳ್ಳುತ್ತಾನೆ, ಉತ್ತರ ಮಾತ್ರ ದೊರೆಯುವದಿಲ್ಲ. ಕೊನೆಯ ಹತ್ತು ದಿನಗಳನ್ನು ಆತನು ಉದ್ರಿಯ ಮೇಲೆ ನೂಕುತ್ತಾನೆ. ಹಿಂದೆ ಆ ಉದ್ರಿಯು ಓಣಿಯ ಕಿರಾಣಿ ಅಂಗಡಿಯ ವಹಿಯಲ್ಲಿ ಕಾಣುತ್ತಿತ್ತು. ಇಂದು ಅದು ಕ್ರೆಡಿಟ್ ಕಾರ್ಡಿನಲ್ಲಿಯೂ ಮೊಬೈಲಿನ ಕಂತುಗಳಲ್ಲಿಯೂ ಕಾಣದಂತೆ ಅಡಗಿ ಕುಳಿತಿದೆ. ಕಂಡ ಸಾಲಕ್ಕೆ ಮನುಷ್ಯನು ಅಂಜುತ್ತಾನೆ. ಕಾಣದ ಸಾಲಕ್ಕೆ ಅಂಜುವದಿಲ್ಲ. ಭೇದವಿಷ್ಟೇ, ಆದರೆ ಈ ಭೇದದಲ್ಲಿ ಎಷ್ಟೋ ಮನೆತನಗಳು ಮುಳುಗುತ್ತಿವೆ.

ಹಣವನ್ನು ಉಳಿಸಿರೆಂದು ಉಪದೇಶಿಸುವದು ಸುಲಭ. ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಮುಪ್ಪಿನ ತಾಯಿತಂದೆಗಳ ಔಷಧಿ ಇವುಗಳನ್ನು ತೂಗಿಸಿಕೊಂಡು ಹೋಗುವವನಿಗೆ ಆ ಉಪದೇಶವು ಗಾಯದ ಮೇಲಿನ ಉಪ್ಪಿನಂತಾಗುವದೂ ಉಂಟು. ಆದುದರಿಂದ ಇಲ್ಲಿ ಉಪದೇಶವನ್ನು ಬದಿಗಿಟ್ಟು, ಒಂದೆರಡು ತಿಂಗಳೊಳಗಾಗಿಯೇ ಫಲ ತೋರುವಂಥ ಕೆಲವು ಮಾರ್ಗಗಳನ್ನು ಲೆಕ್ಕ ಸಹಿತವಾಗಿ ವಾಚಕರ ಮುಂದಿಡಬಯಸುತ್ತೇವೆ.

ಉಳಿತಾಯವು ಶ್ರೀಮಂತರ ಗುಣವೆಂಬ ಭಾವನೆಯು ತಪ್ಪೆಂಬುದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಕಟ್ಟಿದರು. ಮರುವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ನಿಧಿಯು ಮುಂದೆ ಕೆನರಾ ಬ್ಯಾಂಕಾಯಿತು. ಜನರಲ್ಲಿ ಮಿತವ್ಯಯದ ಅಭ್ಯಾಸವನ್ನು ಬೆಳೆಸುವದು ಅದರ ಉದ್ದೇಶಗಳಲ್ಲೊಂದು. 1925ರಲ್ಲಿ ಉಡುಪಿಯಲ್ಲಿ ಕಷ್ಟಕ್ಕೀಡಾದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆ ಸಂಸ್ಥೆಯು 1928ರಲ್ಲಿ 'ಪಿಗ್ಮಿ' ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಕೂಡಿಸಿಕೊಂಡಿತು. ಎರಡಾಣೆಯು ದೊಡ್ಡದಲ್ಲ, ಆದರೆ ಅದು ಖರ್ಚಾಗುವ ಮೊದಲೇ ಪ್ರತಿನಿತ್ಯ ಕೈಬಿಟ್ಟು ಹೋಗುತ್ತಿತ್ತು. ಉಳಿತಾಯದ ಗುಟ್ಟೆಲ್ಲವೂ ಇದರಲ್ಲಿದೆ. ಖರ್ಚು ಮಾಡಿ ಉಳಿದುದನ್ನು ಕೂಡಿಡುವೆನೆಂಬವನಿಗೆ ಏನೂ ಉಳಿಯುವದಿಲ್ಲ. ಕೂಡಿಟ್ಟು ಉಳಿದುದನ್ನು ಖರ್ಚು ಮಾಡುವವನಿಗೆ ಏನಾದರೂ ಉಳಿದೇ ಉಳಿಯುವದು.

ಇನ್ನು ಮಾರ್ಗಗಳು. ಮೊದಲನೆಯದು ಕಿರ್ದಿ. ಹಿಂದೆ ಶಿಸ್ತುಳ್ಳ ವ್ಯಾಪಾರಸ್ಥನು ದೀಪ ಹಚ್ಚುವ ಹೊತ್ತಿಗೆ ಆ ದಿನದ ಜಮಾಖರ್ಚನ್ನು ಬರೆದು ಶಿಲ್ಕು ತೆಗೆಯುತ್ತಿದ್ದನು. ಅಂಗಡಿಗೆ ಬೇಕಾದ ಈ ಶಿಸ್ತು ಸಂಸಾರಕ್ಕೆ ಏಕೆ ಬೇಡ? ಒಂದೇ ಒಂದು ತಿಂಗಳು, ಹತ್ತು ರೂಪಾಯಿಯನ್ನೂ ಬಿಡದೆ, ಬರೆದು ನೋಡಿರಿ. ಹಣವನ್ನು ಕೈಯಿಂದ ಎಣಿಸಿ ಕೊಡುವಾಗ ಇದ್ದ ಎಚ್ಚರವು ಮೊಬೈಲನ್ನು ಚಿತ್ರದ ಮುಂದೆ ಹಿಡಿದು ಕೊಡುವಾಗ ಇರುವದಿಲ್ಲ. ಬರಹವು ಆ ಎಚ್ಚರವನ್ನು ಮರಳಿ ತರುತ್ತದೆ. ಕಚೇರಿಯ ಎದುರಿನ ಚಹ ಫರಾಳಕ್ಕೆ ದಿನಕ್ಕೆ 60 ರೂ. ಎಂದರೆ 26 ದಿನಗಳಿಗೆ 1,560 ರೂ. ಆಯಿತು. ಚಹವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಸ್ನೇಹಿತರೊಡನೆ ಕುಡಿಯುವ ಒಂದು ಬಟ್ಟಲು ಚಹಕ್ಕೂ ಬೆಲೆಯುಂಟು. ಆದರೆ ಮಾಡುವ ಖರ್ಚನ್ನು ಅರಿತು ಮಾಡಬೇಕು. ಇದರೊಂದಿಗೆ ತಿಂಗಳು ತಿಂಗಳು ತಾನಾಗಿಯೇ ಖಾತೆಯಿಂದ ಕಡಿತವಾಗುವ ಚಂದಾಗಳನ್ನು ಪಟ್ಟಿ ಮಾಡಿರಿ. ನೋಡದ ಚಿತ್ರಗಳಿಗೂ ಹೋಗದ ವ್ಯಾಯಾಮಶಾಲೆಗೂ ಹಣ ಹರಿಯುತ್ತಿರುವದನ್ನು ಕಂಡು ಅನೇಕರು ಬೆರಗಾಗುವರು. ಒಂದೇ ಸಂಜೆಯಲ್ಲಿ ನಿಲ್ಲಿಸಬಹುದಾದ ಸೋರಿಕೆಯಿದು.

ಎರಡನೆಯ ಮಾರ್ಗವು ಎಲ್ಲಕ್ಕಿಂತ ಶೀಘ್ರವಾಗಿ ಫಲ ಕೊಡತಕ್ಕದ್ದು. ಅದು ದುಬಾರಿ ಬಡ್ಡಿಯ ಸಾಲವನ್ನು ಮೊದಲು ತೀರಿಸುವದು. ಕ್ರೆಡಿಟ್ ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂ. ಬಡ್ಡಿಯು ಅಪರೂಪವೇನಲ್ಲ. 20,000 ರೂ. ಬಾಕಿಯಿದ್ದಲ್ಲಿ ತಿಂಗಳಿಗೆ 700 ರೂ. ಬಡ್ಡಿ, ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ತೆರಿಗೆ 126 ರೂ.; ಒಟ್ಟು 826 ರೂ. ಕನಿಷ್ಠ ಕಂತೆಂದು ನೂರಕ್ಕೆ ಐದರಂತೆ 1,000 ರೂ. ಕಟ್ಟಿ ನಿಶ್ಚಿಂತನಾದವನ ಅಸಲು ಕಡಿಮೆಯಾಗುವದು ಕೇವಲ 174 ರೂ. ಮಾತ್ರ! ಇದೇ ಗೃಹಸ್ಥನು "ಆಪತ್ತಿಗಿರಲಿ" ಎಂದು 20,000 ರೂ.ಗಳನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಟ್ಟಿರುವದುಂಟು. ಅಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ 800 ರೂ. ಗಳಿಕೆ, ಇಲ್ಲಿ ಅಸಲು ಹಾಗೆಯೇ ಉಳಿದರೆ ತೆರಿಗೆ ಸಹಿತ 9,912 ರೂ. ಹಾನಿ. ಒಂದು ಕೈಯಿಂದ ಬೊಗಸೆ ನೀರು ತುಂಬುತ್ತ ಇನ್ನೊಂದು ಕೈಯಿಂದ ಕೊಡವನ್ನೇ ಚೆಲ್ಲಿದಂತಾಯಿತು. ಒಂದು ತಿಂಗಳ ಅಗತ್ಯದಷ್ಟನ್ನು ಕಾದಿಟ್ಟು, ಉಳಿದ ಹಣದಿಂದ ಇಂಥ ಬಾಕಿಯನ್ನು ತೀರಿಸುವದೇ ಜಾಣತನವು. ಸಾಲಗಳು ಹಲವಾಗಿದ್ದರೆ ಬಡ್ಡಿ ಹೆಚ್ಚಿದ್ದುದನ್ನು ಮೊದಲು ಹಿಡಿಯಿರಿ. "ಬಡ್ಡಿಯಿಲ್ಲದ ಕಂತು" ಎಂಬ ಜಾಹೀರಾತನ್ನು ಕಂಡಾಗ, ರೋಖ ಕೊಟ್ಟರೆ ಎಷ್ಟು ಸೋಡಿ ಸಿಗುವದೆಂದು ಕೇಳಿರಿ. ಆ ಸೋಡಿಯೇ ಎಷ್ಟೋ ಸಲ ವೇಷ ಮರೆಸಿಕೊಂಡ ಬಡ್ಡಿಯಾಗಿರುತ್ತದೆ.

ಸಾಲದ ವಿಷಯವು ಕೇವಲ ಲೆಕ್ಕದ ವಿಷಯವಲ್ಲ. ಸಣ್ಣ ಸಾಲಗಳ ವಸೂಲಿಯಲ್ಲಿ ನಡೆದ ಕಿರುಕುಳವು ಯಾವ ಮಟ್ಟ ಮುಟ್ಟಿತ್ತೆಂದರೆ, ಕರ್ನಾಟಕ ಸರಕಾರವು ಅದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮನೆಬಾಗಿಲಲ್ಲಿ ನಾಲ್ಕು ಜನರ ಮುಂದೆ ಮಾನ ಹೋದರೆ ಅದನ್ನು ಯಾವ ಬ್ಯಾಂಕೂ ಮರಳಿ ಕೊಡಲಾರದು.

ಮೂರನೆಯದು ವಿದ್ಯುತ್ತು. ಗೃಹಜ್ಯೋತಿ ಯೋಜನೆಯು 2023ರಲ್ಲಿ ಜಾರಿಗೆ ಬಂದಂದಿನಿಂದ ನಮ್ಮ ರಾಜ್ಯದ ಮನೆಗಳಿಗೆ 200 ಯೂನಿಟ್ ಎಂಬದು ಒಂದು ಲಕ್ಷ್ಮಣರೇಖೆಯಾಗಿದೆ. ಮನೆಗೆ ಗೊತ್ತುಮಾಡಿದ ಪ್ರಮಾಣವನ್ನು ಮೀರಿದರೆ ಹೆಚ್ಚಿನ ಯೂನಿಟ್ಟುಗಳಿಗೆ ಹಣ ತೆರಬೇಕು. 200ನ್ನು ದಾಟಿದರೆ ಪೂರ್ತಿ ಬಿಲ್ಲನ್ನೇ ತೆರಬೇಕು. ಈಗ ಲೆಕ್ಕ ನೋಡಿರಿ. ಹಳೆಯ ಬಗೆಯ ಪಂಖವು ಸುಮಾರು 75 ವ್ಯಾಟ್ ಎಳೆಯುತ್ತದೆ; ಹೊಸ ಬಗೆಯದಕ್ಕೆ 30 ವ್ಯಾಟ್ ಸಾಕು. ದಿನಕ್ಕೆ ಹತ್ತು ತಾಸು ತಿರುಗಿದರೆ ಒಂದು ಪಂಖದಿಂದ ತಿಂಗಳಿಗೆ ಹದಿಮೂರೂವರೆ ಯೂನಿಟ್, ಮೂರು ಪಂಖಗಳಿಂದ 40 ಯೂನಿಟ್ ಉಳಿಯುತ್ತದೆ. 2,000 ವ್ಯಾಟಿನ ಗೀಸರು ದಿನಕ್ಕೊಂದು ತಾಸು ಕಾದರೆ ತಿಂಗಳಿಗೆ 60 ಯೂನಿಟ್. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಅರ್ಧ ತಾಸಿಗೆ ಆರಿಸಿದರೆ 30 ಯೂನಿಟ್ ಉಳಿತಾಯವು. ಎರಡೂ ಕೂಡಿ 70. ತಿಂಗಳಿಗೆ 230 ಯೂನಿಟ್ ಸುಡುತ್ತಿದ್ದ ಮನೆಯು 160ಕ್ಕೆ ಇಳಿಯಿತೆಂದರೆ ಅದರ ಪರಿಣಾಮವು ಬಿಲ್ಲಿನಲ್ಲಿ ಕಾಣದೆ ಇರದು. ಹಾಗೆಂದು ಚೆನ್ನಾಗಿರುವ ಪಂಖಗಳನ್ನು ಕಿತ್ತೆಸೆಯಬೇಕಾಗಿಲ್ಲ. ಹಳೆಯದು ಕೆಟ್ಟಾಗ ಹೊಸ ಬಗೆಯದನ್ನು ಕೊಂಡರಾಯಿತು. ಗೀಸರನ್ನು ಆರಿಸಲು ಮಾತ್ರ ನಾಳೆಯ ವರೆಗೆ ಕಾಯುವ ಕಾರಣವಿಲ್ಲ.

ನಾಲ್ಕನೆಯದು ಅಡಿಗೆಯ ಮನೆ. ನಮ್ಮ ಹಿರಿಯರು ಸುಗ್ಗಿಯನ್ನು ನೋಡಿ ವರ್ಷದ ಜೀನಸನ್ನು ತುಂಬುತ್ತಿದ್ದರು. ಕಲಬುರ್ಗಿಯ ಕಡೆಯ ಹೊಸ ತೊಗರಿಯು ಚಳಿಗಾಲದಲ್ಲಿ ಪೇಟೆಗೆ ಬರುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ಆವಕವು ವರ್ಷದ ಮೊದಲ ತಿಂಗಳುಗಳಲ್ಲಿ ಏರುತ್ತದೆ. ಹುಣಸೆಯು ಬೇಸಿಗೆಯ ಮುಂಚೆ ಮರದಿಂದ ಇಳಿಯುತ್ತದೆ. ಆವಕ ಹೆಚ್ಚಿದ್ದಾಗ ಕೊಂಡು, ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿದವರಿಗೆ, ಮಳೆಗಾಲದಲ್ಲಿ ಕಾಲು ಕಿಲೋದ ಚೀಟುಗಳಲ್ಲಿ ಕೊಳ್ಳುವವರಿಗಿಂತ ಕಡಿಮೆ ದರ ಬೀಳುವದು ಸಹಜವು. ಒಬ್ಬರಿಗೆ ಒಮ್ಮೆಗೇ ಅಷ್ಟು ಹಣ ಹೊಂದದಿದ್ದರೆ ನೆರೆಯ ಎರಡು ಮೂರು ಮನೆಯವರು ಕೂಡಿ ಒಂದು ಚೀಲವನ್ನು ಹಂಚಿಕೊಳ್ಳಬಹುದು. ಕಾಳುಗಳನ್ನು ರಾತ್ರಿಯೇ ನೆನೆಯಿಡುವದು, ಪಾತ್ರೆಗೆ ಮುಚ್ಚಳ ಹಾಕುವದು, ಕುದಿ ಬಂದೊಡನೆ ಉರಿಯನ್ನು ತಗ್ಗಿಸುವದು ಇವು ಸಣ್ಣ ಮಾತುಗಳಾದರೂ ಸಿಲಿಂಡರನ್ನು ಕೆಲವು ದಿನ ಮುಂದಕ್ಕೆ ತಳ್ಳುತ್ತವೆ. ಹನಿ ಹನಿ ಕೂಡಿದರೇ ಹಳ್ಳ.

ಐದನೆಯದು ಔಷಧಿ. ರಕ್ತದೊತ್ತಡ, ಮಧುಮೇಹಗಳಿಗೆ ಜೀವಮಾನವಿಡೀ ಗುಳಿಗೆ ನುಂಗಬೇಕಾದವರು ಇಂದು ಮನೆಗೊಬ್ಬರಿದ್ದಾರೆ. 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳಲ್ಲಿ, ಹೆಸರುವಾಸಿ ಕಂಪನಿಗಳ ಮುದ್ರೆಯಿಲ್ಲದೆ ಅದೇ ಮೂಲದ್ರವ್ಯದ ಔಷಧಿಗಳು ಅರ್ಧ ಬೆಲೆಗೂ, ಕೆಲವು ಅದಕ್ಕಿಂತ ಬಹಳ ಕಡಿಮೆಗೂ ದೊರೆಯುತ್ತವೆ. ವೈದ್ಯರಿಗೆ ಔಷಧಿಯ ಮೂಲ ಹೆಸರನ್ನು ಬರೆದು ಕೊಡಲು ವಿನಯದಿಂದ ಕೇಳಿರಿ, ಕೇಳುವದರಲ್ಲಿ ನಾಚಿಕೆಯಿಲ್ಲ. ಆದರೆ ವೈದ್ಯರನ್ನು ಕೇಳದೆ ಗುಳಿಗೆಯನ್ನು ಬದಲಿಸುವದಾಗಲಿ, ಉಳಿತಾಯದ ಹೆಸರಿನಲ್ಲಿ ದಿನ ಬಿಟ್ಟು ದಿನ ನುಂಗುವದಾಗಲಿ ಸಲ್ಲದು. ಅಲ್ಲಿ ಉಳಿಸಿದ ನೂರು ರೂಪಾಯಿಯು ಆಸ್ಪತ್ರೆಯಲ್ಲಿ ಲಕ್ಷವಾಗಿ ಹೊರಡುವದು.

ಆರನೆಯದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು. ಅದು ಮದುವೆ ಮುಂಜಿಗಳ ಖರ್ಚು. ಮೂವತ್ತು ವರ್ಷ ನೌಕರಿ ಮಾಡಿ ಕೂಡಿಸಿದ ಭವಿಷ್ಯನಿಧಿಯು ಎರಡು ದಿನಗಳ ಮಂಟಪದಲ್ಲಿ ಕರಗಿ ಹೋದ ಉದಾಹರಣೆಗಳು ವಾಚಕರ ಬಳಗದಲ್ಲಿಯೇ ಇದ್ದಾವು. ಉಂಡವರು ಮರುದಿನವೇ ಮರೆಯುತ್ತಾರೆ. ಸಾಲ ಕೊಟ್ಟವನು ಹತ್ತು ವರ್ಷ ನೆನಪಿಡುತ್ತಾನೆ. ಕುವೆಂಪು ಅವರು ಮಂತ್ರಮಾಂಗಲ್ಯದ ಸರಳ ವಿವಾಹವನ್ನು ನಾಡಿಗೆ ತೋರಿಸಿ ಎಷ್ಟೋ ಕಾಲವಾಯಿತು. ಎಲ್ಲರೂ ಅದನ್ನೇ ಅನುಸರಿಸಬೇಕೆಂದಲ್ಲ. ಆದರೆ ಊರಿನಲ್ಲಿ ಮಾನವುಳ್ಳ ನಾಲ್ಕು ಜನರು ಸರಳವಾಗಿ ಮದುವೆ ಮಾಡಿದರೆ, ಮಾಡಲಾರದ ನಾಲ್ಕು ನೂರು ಜನರ ಮಾನ ಉಳಿಯುವದು. ಅಧಿಕಾರಿಗಳೂ ವಕೀಲರೂ ವ್ಯಾಪಾರಸ್ಥರೂ ಇದನ್ನು ಮನಸ್ಸಿಗೆ ತರಬೇಕು.

ಹೀಗೆ ಉಳಿದ ಹಣವನ್ನು ಎಲ್ಲಿ ಇಡತಕ್ಕದ್ದು? 1882ರಿಂದ ನಡೆದುಬಂದ ಅಂಚೆ ಕಚೇರಿಯ ಉಳಿತಾಯ ಬ್ಯಾಂಕಿನಲ್ಲಿ ತಿಂಗಳಿಗೆ 100 ರೂ.ಗಳಿಂದಲೂ ಐದು ವರ್ಷದ ಆವರ್ತಕ ಠೇವಣಿಯನ್ನು ತೆರೆಯಬಹುದು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ ಸಹ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ಗಳ ವರೆಗೆ ವಿಮೆಯ ರಕ್ಷಣೆಯು 2020ರಿಂದ ಇದೆ. ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ರಕ್ಷಣೆಯಿಲ್ಲವೆಂಬದನ್ನು ಬಹು ಜನರು ಅರಿಯರು. ಹೆಚ್ಚಿನ ಬಡ್ಡಿಯ ಆಶೆಗೆ ಅಲ್ಲಿ ಸರ್ವಸ್ವವನ್ನೂ ಸುರಿಯುವ ಮೊದಲು ಯೋಚಿಸಬೇಕು. ಚೀಟಿ ಹಾಕುವವರು ಅದು 1982ರ ಕಾಯಿದೆಯಂತೆ ನೋಂದಣಿಯಾದುದೋ ಅಲ್ಲವೋ ಎಂದು ವಿಚಾರಿಸಿಯೇ ಹಾಕತಕ್ಕದ್ದು. ಯಾವುದನ್ನೇ ಆರಿಸಿರಿ, ಪಗಾರ ಬಂದ ದಿನವೇ ಹಣವು ಅಲ್ಲಿಗೆ ಹೋಗುವಂತೆ ಏರ್ಪಡಿಸಿರಿ. ಮೂರು ತಿಂಗಳ ಸಂಸಾರದ ಖರ್ಚು ಕೂಡುವ ವರೆಗೆ ಬೇರೆ ಗುರಿ ಬೇಡ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಮಿತವ್ಯಯವೆಂದರೆ ಕೃಪಣತನವಲ್ಲ. ಮಕ್ಕಳ ಹಾಲನ್ನು ಕಡಿಮೆ ಮಾಡಿ, ಕೆಲಸದಾಕೆಯ ಕೂಲಿಯನ್ನು ಮುರಿದು ಉಳಿಸಿದ ಹಣವು ಉಳಿತಾಯವೇ ಅಲ್ಲ. ಅದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು. ಅನೇಕ ಮನೆಗಳಲ್ಲಿ ಗಂಡಸಿನ ಸಿಗರೇಟು, ಚಹ, ವಾಹನಗಳು ಹಾಗೆಯೇ ನಡೆದು, ಬಿಗಿಹಿಡಿಯುವ ಭಾರವೆಲ್ಲವೂ ಗೃಹಿಣಿಯ ತಟ್ಟೆಯ ಮೇಲೆ ಬೀಳುತ್ತದೆ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡು, ತನ್ನ ನೋವಿಗೆ ಔಷಧಿಯನ್ನು ಮುಂದಿನ ತಿಂಗಳಿಗೆ ದೂಡಿ, ಆಕೆಯು ತೆಗೆದ ಶಿಲ್ಕನ್ನು ಯಾವ ಕಿರ್ದಿಯೂ ದಾಖಲಿಸಿಲ್ಲ. ಆದುದರಿಂದ ಕಿರ್ದಿಯನ್ನು ಗಂಡಹೆಂಡಿರಿಬ್ಬರೂ ಕೂಡಿ ಕುಳಿತು ಬರೆಯಬೇಕು. ಎಲ್ಲಿ ಕಡಿಮೆ ಮಾಡುವದೆಂಬದನ್ನು ಇಬ್ಬರೂ ಕೂಡಿ ಗೊತ್ತುಪಡಿಸಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೆ ಹಾಸಿಗೆಯು ಎಷ್ಟು ಉದ್ದವಿದೆಯೆಂದು ಅಳೆದು ನೋಡಿದವರು ವಿರಳ. ಈ ತಿಂಗಳು ಅದನ್ನು ಅಳೆಯೋಣ. ಕೊನೆಯ ದಿನ ಕಿರ್ದಿಯ ಕೆಳಗೆ ಗೆರೆಯೆಳೆದು ಕೂಡಿಸಿದಾಗ, ಯಾರಿಗೂ ಕೊಡಬೇಕಾಗಿರದ ನೂರು ರೂಪಾಯಿಯ ಶಿಲ್ಕು ಉಳಿದರೂ ಸಾಕು. ಆ ರಾತ್ರಿಯ ನಿದ್ರೆಯು ಸಾವಿರ ರೂಪಾಯಿಯ ಉದ್ರಿಯಲ್ಲಿ ಕೊಂಡ ಮೆತ್ತೆಯ ಮೇಲಿನ ನಿದ್ರೆಗಿಂತ ಸುಖಕರವಾಗಿರುವದೆಂಬುದರಲ್ಲಿ ಸಂದೇಹವಿಲ್ಲ.