ಜರ್ಮನಿಯಲ್ಲಿ ಹೊಸ ಸಂಸಾರ

ಪರದೇಶವಾಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿಮ, ಅರಮನೆಗಳು. ಅಲ್ಲಿ ಹೊಸದಾಗಿ ಸಂಸಾರ ಹೂಡುವ ದಂಪತಿಗಳ ದಿನಚರಿಯೇ ಬೇರೆ. ಜರ್ಮನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮನೆ ಹೊಕ್ಕ ಎರಡು ವಾರಗಳೊಳಗೆ ಊರಿನ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಬಾಡಿಗೆಮನೆಯಲ್ಲಿ ಎಷ್ಟೋ ವೇಳೆ ಒಲೆ, ಪಾತ್ರೆ ತೊಳೆಯುವ ತೊಟ್ಟಿ ಕೂಡ ಇರುವುದಿಲ್ಲ. ಬಾಡಿಗೆದಾರರೇ ತಂದು ಜೋಡಿಸಿಕೊಳ್ಳಬೇಕು. ಕಾಗದದ ಕಸಕ್ಕೊಂದು ಡಬ್ಬಿ, ಅಡುಗೆಯ ಕಸಕ್ಕೆ ಬೇರೊಂದು. ನೀರು ಕುಡಿದು ಬಿಸಾಡುವ ಪ್ಲಾಸ್ಟಿಕ್ ಸೀಸೆಯನ್ನು ಅಂಗಡಿಗೆ ಮರಳಿಸಿದರೆ 25 ಸೆಂಟ್ ಠೇವಣಿ ಹಿಂದಕ್ಕೆ ಬರುವುದು. ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಆ ವಿಶ್ರಾಂತಿಗೆ 1949ರ ಸಂವಿಧಾನದ ರಕ್ಷಣೆಯೇ ಉಂಟು. ಶನಿವಾರ ಹಾಲು ತರಲು ಮರೆತವರಿಗೆ ಮರುದಿನ ಕರಿಕಾಫಿಯೇ ಗತಿ!

ಇವೆಲ್ಲ ಕ್ರಮೇಣ ರೂಢಿಯಾಗುತ್ತವೆ. ಕಠಿಣವಾದುದು ಭಾಷೆ. ಒಬ್ಬರು ಉದ್ಯೋಗಕ್ಕೆ ಹೊರಟಮೇಲೆ, ಜೊತೆಗೆ ಬಂದವರು ಪದವೀಧರರೇ ಆಗಿದ್ದರೂ ಮನೆಯಲ್ಲಿ ಒಂಟಿ. ಐರೋಪ್ಯ ಒಕ್ಕೂಟದ ‘ನೀಲಿ ಕಾರ್ಡ್’ ಪಡೆದ ಉದ್ಯೋಗಿಯ ಪತಿಗಾಗಲಿ ಪತ್ನಿಗಾಗಲಿ ದುಡಿಯಲು ಕಾನೂನಿನ ಅನುಮತಿಯುಂಟು. ಮಾತು ಬಾರದಿದ್ದರೆ ಅನೇಕ ಕೆಲಸಗಳ ಬಾಗಿಲು ತೆರೆಯದು. ವಲಸೆ ಬಂದವರಿಗಾಗಿ ಸರಕಾರವು 2005ರಲ್ಲಿ ಆರಂಭಿಸಿದ ತರಗತಿಗಳಲ್ಲಿ ಸಾಮಾನ್ಯವಾಗಿ 600 ಪಾಠಗಳು ಭಾಷೆಗೆ, 100 ಪಾಠಗಳು ದೇಶದ ಇತಿಹಾಸ, ಕಾನೂನು, ಸಂಸ್ಕೃತಿಗಳಿಗೆ ಮೀಸಲು. ಅಷ್ಟು ಕಲಿಯಲು ಬಿಡುವು ಬೇಕು. ಅಲ್ಲಿ ಅತ್ತೆಯಿಲ್ಲ, ಅಮ್ಮನಿಲ್ಲ, ಮನೆಗೆಲಸದವರೂ ಅಪರೂಪ. ದುಡಿದು ಬಂದವರು ಸಂಜೆ ಪಾತ್ರೆ ತೊಳೆದರಷ್ಟೇ ಇನ್ನೊಬ್ಬರು ಪುಸ್ತಕ ಹಿಡಿಯಬಲ್ಲರು.

ಹೊರಡಲಿರುವ ಮಿತ್ರರು ಸೂಟುಬೂಟು ಹೊಲಿಸುವ ಮುನ್ನ, ಇಬ್ಬರೂ ಕೂಡಿ ಜರ್ಮನ್ ಬಾಲಬೋಧೆಯೊಂದನ್ನು ಕೊಂಡು ಓದತೊಡಗುವುದು ಲೇಸು.