ಏಳು ಗಂಟೆಯ ತೇರ್ಸ್

ಕರಾವಳಿಯ ಕಿನ್ನಿಗೋಳಿ ಕಡೆ, ಕಥೊಲಿಕ ಕುಟುಂಬವೊಂದರ ಹೆಂಚಿನ ಮನೆ. ಸಂಜೆ ಏಳಕ್ಕೆ ಇಗರ್ಜಿಯ ಗಂಟೆ ಕೇಳಿದ್ದೇ ತಡ, ಚಾವಡಿಯ ಟಿವಿ ಬಂದ್. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರ. ಅದರ ಕೆಳಗೆ ಮರದ ಪುಟ್ಟ ಆಲ್ತಾರ್, ಮರಿಯಮ್ಮನ ಪ್ರತಿಮೆ, ಕೆಂಪು ಬಲ್ಬು, ಗರಿಗಳ ಭಾನುವಾರ ಇಗರ್ಜಿಯಿಂದ ತಂದು ಸಿಕ್ಕಿಸಿಟ್ಟ, ಈಗ ಒಣಗಿ ಹಳದಿಯಾದ ತೆಂಗಿನ ಗರಿ. ಸೊಸೆ ಒಲೆಯ ಮೇಲಿನ ಮೀನಿನ ಸಾರನ್ನು ಸಣ್ಣ ಉರಿಗೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾಳೆ. ಮಕ್ಕಳು ಚಾಪೆ ಬಿಡಿಸುತ್ತಾರೆ. ಮೊಣಕಾಲು ಮಡಚಲಾರದ ಅಜ್ಜಿಗೆ ಮಾತ್ರ ಕುರ್ಚಿ.

ಅಜ್ಜಿಯ ಕೈಯಲ್ಲಿ ಮರದ ಮಣಿಗಳ ಜಪಸರ. 53 ಸಣ್ಣ ಮಣಿ, 6 ದೊಡ್ಡ ಮಣಿ ಇರಬೇಕಾದ ಸರ ಅದು. ಸಣ್ಣದೊಂದು ಎಂದೋ ಕಳೆದುಹೋಗಿ, ಆ ಜಾಗದಲ್ಲಿ ದಾರದ ಗಂಟು ಕೂತಿದೆ. ಹೆಬ್ಬೆರಳು ಆ ಗಂಟನ್ನೂ ಮಣಿಯೆಂದೇ ಎಣಿಸಿ ಮುಂದಕ್ಕೆ ಹೋಗುತ್ತದೆ. ಜಪದ ಜೊತೆಗಿನ ಧ್ಯಾನ ವಾರದ ದಿನಕ್ಕೆ ತಕ್ಕಂತೆ ಬದಲಾಗುತ್ತದೆ. ಸೋಮವಾರ, ಶನಿವಾರ ಯೇಸುವಿನ ಹುಟ್ಟು–ಬಾಲ್ಯದ ಸಂತೋಷದ ಧ್ಯಾನ. ಮಂಗಳವಾರ, ಶುಕ್ರವಾರ ಸಂಕಟದ ಧ್ಯಾನ. ಬುಧವಾರ, ಭಾನುವಾರ ಪುನರುತ್ಥಾನದ ಮಹಿಮೆ. ಗುರುವಾರದ ಬೆಳಕಿನ ಧ್ಯಾನಗಳನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದರು. ಅಜ್ಜಿಯ ಬಾಯಿಗೆ ಅವೂ ಬಂದಿವೆ.

ಈ ಜಪಸರದ ಪ್ರಾರ್ಥನೆಯೇ ತೇರ್ಸ್. ಮನೆಮಂದಿ ಕೂಡಿದಾಗ ಅದನ್ನು ಒಬ್ಬರೇ ಹೇಳಿ ಮುಗಿಸುವಂತಿಲ್ಲ ಎಂಬುದೇ ಅದರ ಚೆಲುವು. ಪ್ರತಿ ಪ್ರಾರ್ಥನೆಯ ಮೊದಲರ್ಧ ಮುಂದಾಳುವಿನದು, ಉಳಿದರ್ಧ ಮಿಕ್ಕವರದು. ಒಬ್ಬರ ದನಿ ನಿಲ್ಲುವ ತನಕ ಇನ್ನೊಬ್ಬರು ಕಾಯಬೇಕು. ಹತ್ತು ಮಣಿ ಆದ ಮೇಲೆ ಮುಂದಾಳು ಬದಲಾಗುತ್ತಾರೆ. ಅಜ್ಜಿಯ ಬಳಿಕ ದೊಡ್ಡ ಮಗ, ಆಮೇಲೆ ಸಣ್ಣವನು, ಆಮೇಲೆ ಸೊಸೆ, ಕೊನೆಗೆ ಮೂರನೇ ಕ್ಲಾಸಿನ ಹುಡುಗಿ. ಅವಳು ಗಡಿಬಿಡಿಯಲ್ಲಿ ಎಣಿಕೆ ತಪ್ಪಿಸಿದರೆ ಅಜ್ಜಿ ಕೆಮ್ಮಿ ಎಚ್ಚರಿಸುತ್ತಾರೆ.

ಆ ಅಣ್ಣ ತಮ್ಮಂದಿರ ಮಧ್ಯೆ ಮಾತಿಲ್ಲ. ಪಾಗಾರದ ಆಚೆಗಿನ ಐದು ಸೆಂಟ್ಸ್ ಜಾಗದ ಪಾಲಿನ ತಕರಾರು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಎದುರಾದರೂ ಒಬ್ಬನ ಮುಖ ಪೂರ್ವಕ್ಕೆ, ಇನ್ನೊಬ್ಬನದು ಪಶ್ಚಿಮಕ್ಕೆ. ಆದರೆ ಏಳು ಗಂಟೆಯ ಮೇಲೆ ಅಣ್ಣ ಶುರು ಮಾಡಿದ್ದನ್ನು ತಮ್ಮ ಪೂರ್ತಿ ಮಾಡಲೇಬೇಕು. ಒಂದು ಸಲವಲ್ಲ, ಹತ್ತು ಸಲ. ಮರುಗಳಿಗೆಯಲ್ಲಿ ತಮ್ಮ ಹೇಳಿದ್ದಕ್ಕೆ ಅಣ್ಣ ಹತ್ತು ಸಲ ಓಗೊಡಬೇಕು. ಇದರಿಂದ ಜಾಗದ ಜಗಳ ನಾಳೆಯೇ ಇತ್ಯರ್ಥ ಆಗುತ್ತದೆಂದು ನಾನು ಹೇಳಲಾರೆ. ಆದರೆ ದಿನಕ್ಕೊಮ್ಮೆ ಒಬ್ಬನ ದನಿ ಇನ್ನೊಬ್ಬನ ಕಿವಿಗೆ ಸಿಟ್ಟಿಲ್ಲದೆ ಬೀಳುವ ಮನೆಯಲ್ಲಿ ಜಗಳ ಬೇರು ಬಿಡುವುದು ಕಷ್ಟ. ಮನೆಯ ಶಾಂತಿ ಎಂದರೆ ಸದ್ದಿಲ್ಲದಿರುವುದು ಎಂದು ತಿಳಿದವರು ಈ ಚಾವಡಿಗೆ ಬಂದು ಕೂರಬೇಕು. ಇಲ್ಲಿ ಸದ್ದು ಧಾರಾಳವಾಗಿದೆ, ಶಾಂತಿಯೂ ಇದೆ.

ಮಣಿಗಳು ಮುಗಿದ ಮೇಲೆ ಮರಿಯಮ್ಮನ ಬಿರುದುಗಳನ್ನು ಒಂದೊಂದಾಗಿ ಕರೆಯುವ ಸರದಿ. ಅದರ ಕೊನೆಯ ಭಾಗದಲ್ಲಿ ಬರುವ ‘ಶಾಂತಿಯ ರಾಣಿ’ ಎಂಬ ಬಿರುದನ್ನು ಪೋಪ್ 15ನೇ ಬೆನೆಡಿಕ್ಟ್ ಸೇರಿಸಿದ್ದು 1917ರಲ್ಲಿ, ಮೊದಲ ಮಹಾಯುದ್ಧ ಯುರೋಪನ್ನು ಸುಡುತ್ತಿದ್ದಾಗ. ಸೈನ್ಯಗಳ ನಡುವಿನ ಶಾಂತಿಗೆಂದು ಸೇರಿದ ಮೊರೆ ಇಂದು ಐದು ಸೆಂಟ್ಸ್ ಜಾಗದ ಜಗಳದ ನಡುವೆಯೂ ಕೇಳಿಸುತ್ತಿದೆ. ಎರಡೂ ಕಡೆ ಅದಕ್ಕೆ ಕೆಲಸ ಇದೆ.

ಆಮೇಲೆ ಹೆಸರುಗಳು. ತೀರಿಹೋದ ಅಜ್ಜನಿಗೊಂದು ಪ್ರಾರ್ಥನೆ, ಕುವೈತಿನಲ್ಲಿರುವ ಮೊಮ್ಮಗನಿಗೊಂದು, ಡಯಾಲಿಸಿಸ್‌ಗೆ ಹೋಗಿಬರುವ ನೆರೆಮನೆಯ ಭಟ್ಟರಿಗೊಂದು. ಭಟ್ಟರ ಮನೆಯಲ್ಲಿ ಆ ಹೊತ್ತಿಗೆ ದೇವರ ದೀಪ ಉರಿಯುತ್ತಿರುತ್ತದೆ. ಈ ಮನೆಯಲ್ಲಿ ತಮ್ಮ ಹೆಸರು ದಿನಾ ಬರುವುದು ಅವರಿಗೆ ಗೊತ್ತು.

ಕಡೆಯಲ್ಲಿ ಬೆಸಾಂವ್. ಕಿರಿಯರು ಕೈಮುಗಿದು ಹಿರಿಯರ ಎದುರು ನಿಂತು ಆಶೀರ್ವಾದ ಕೇಳುವ ಕ್ರಮ. ಮಕ್ಕಳು ಮೊದಲು ಅಜ್ಜಿಗೆ, ಆಮೇಲೆ ಅಪ್ಪ ಅಮ್ಮನಿಗೆ. ಅಜ್ಜಿ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆಯುತ್ತಾರೆ. ತಮ್ಮನೂ ಅಣ್ಣನ ಎದುರು ನಿಲ್ಲಬೇಕು. ನಿಲ್ಲುತ್ತಾನೆ, ಕಣ್ಣು ನೆಲದ ಕಡೆಗೆ. ಅಣ್ಣ ಕೈ ಎತ್ತುತ್ತಾನೆ.

ಹೊಸ ಮನೆ ಕಟ್ಟಿದಾಗ ಪಾದ್ರಿಗಳು ಬಂದು ಕೋಣೆ ಕೋಣೆಗೂ ಪವಿತ್ರ ಜಲ ಚಿಮುಕಿಸುತ್ತಾರೆ, ಅಡುಗೆಮನೆಗೂ ದನದ ಹಟ್ಟಿಗೂ ಸಹ. ಯಾವ ಮನೆಗೆ ಕಾಲಿಟ್ಟರೂ ಮೊದಲು ಆ ಮನೆಗೆ ಶಾಂತಿ ಕೋರಬೇಕೆಂದು ಯೇಸು ಶಿಷ್ಯರಿಗೆ ಹೇಳಿಕಳಿಸಿದ್ದು ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಪಾದ್ರಿಗಳು ಕೋರಿ ಹೋಗುತ್ತಾರೆ. ಅದನ್ನು ಉಳಿಸಿಕೊಳ್ಳುವ ನಿತ್ಯದ ಕೆಲಸ ಮನೆಯವರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಪರಂಪರೆಯ ಮನೆಗಳಲ್ಲಿ ಜಪಸರ ಇಲ್ಲ. ಅಲ್ಲಿ ಬೈಬಲ್ ಓದು, ಕನ್ನಡ ಕೀರ್ತನೆ, ಮನೆಮಂದಿಯ ಪ್ರಾರ್ಥನೆ. ದಾರಿ ಬೇರೆಯಾದರೂ ಒಂದೇ ಚಾಪೆಯ ಮೇಲೆ ಕೂರುವುದು ಅಲ್ಲಿಯೂ ಉಂಟು.

ಜಪಸರದ ತಿಂಗಳಾದ ಅಕ್ಟೋಬರಿನಲ್ಲಿ ಇಗರ್ಜಿಯ ವಾರ್ಡಿನವರು ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗಿ ತೇರ್ಸ್ ಮಾಡುತ್ತಾರೆ. ಆಗ ಎಷ್ಟೋ ದೊಡ್ಡ ಮನೆಗಳ ಸ್ಥಿತಿ ಕಣ್ಣಿಗೆ ಬೀಳುತ್ತದೆ. ಏಳೆಂಟು ಕೋಣೆ, ಒಳಗೆ ಒಬ್ಬಳೇ ತಾಯಿ. ಮಕ್ಕಳು ಮುಂಬಯಿ, ದುಬೈ, ಕುವೈತ್. ಉಳಿದ ದಿನಗಳಲ್ಲಿ ಆಕೆ ಮೊದಲರ್ಧವನ್ನೂ ತಾನೇ ಹೇಳಿ, ಮಗನ ಅರ್ಧವನ್ನೂ ತಾನೇ ಹೇಳಿಕೊಳ್ಳುತ್ತಾಳೆ.

ಊರಿನ ಏಳು ಗಂಟೆ ಎಂದರೆ ದುಬೈಯಲ್ಲಿ 5.30, ಕುವೈತಿನಲ್ಲಿ 4.30. ಪರದೇಶದಲ್ಲಿರುವ ಕರಾವಳಿಯ ಮಕ್ಕಳೇ, ವಾರಕ್ಕೊಂದು ದಿನವಾದರೂ ಆ ಹೊತ್ತಿಗೆ ಮನೆಗೆ ಫೋನ್ ಮಾಡಿ. ಖರ್ಚಿನ ಲೆಕ್ಕ, ಜಾಗದ ವಿಷಯ ಆಮೇಲೆ ಮಾತಾಡಬಹುದು. ಮೊದಲು ಅಮ್ಮ ಶುರು ಮಾಡಲಿ, ಉಳಿದರ್ಧ ನೀವು ಹೇಳಿ.